ಹರಿವೆ ಬೇಯಿಸಿದ ನೀರು ಎಲ್ಲಿ ಹೋಯಿತು?

(ಉಡುಪಿಯಲ್ಲಿ ನೀಡಿದ ಉಪನ್ಯಾಸ)

ಹಿರಿಯರೇ, ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ಕೆಂಪು ಹರಿವೆ ಬೇಯಿಸುವಾಗ ನೀರು ಕೆಂಪಾಗುವುದನ್ನು ನೀವೆಲ್ಲ ನೋಡಿದ್ದೀರಿ. ಆ ನೀರನ್ನು ಬಸಿದು ಚೆಲ್ಲಿದರೆ ಬಣ್ಣ ಹೋದದ್ದು ಕಣ್ಣಿಗೆ ಕಾಣುತ್ತದೆ, ಅದರ ಜೊತೆಗೇ ಹೋದ ಫೋಲೇಟ್ ಎಂಬ, ರಕ್ತಕ್ಕೆ ಬೇಕಾದ ವಿಟಮಿನ್ ಕಾಣುವುದಿಲ್ಲ. ಪಾಲಕ್ ಸೊಪ್ಪನ್ನು ಬಹಳ ನೀರಲ್ಲಿ ಕುದಿಸಿ ಬಸಿದರೆ ಹತ್ತಿರಹತ್ತಿರ ಅರ್ಧ ಫೋಲೇಟ್ ಮೋರಿ ಸೇರುತ್ತದೆ. ಹಬೆಯಲ್ಲಿ ಬೇಯಿಸಿದರೆ ಹೆಚ್ಚಿನದು ಸೊಪ್ಪಿನಲ್ಲೇ ಉಳಿಯುತ್ತದೆ. ನಮ್ಮೂರಲ್ಲಿ ಸೊಪ್ಪಿಗೇನು ಬರ? ಬರ ಬಂದಿರುವುದು ಬೇಯಿಸುವ ಕ್ರಮಕ್ಕೆ.

ಈ ವಿಟಮಿನ್ನಿನ ಕಥೆ ಶುರುವಾದದ್ದು ಮುಂಬೈಯಲ್ಲಿ. ನಮ್ಮವರಿಗೆ ಮುಂಬೈ ಎರಡನೇ ಮನೆ ತಾನೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಯ ಬಡ ಬಸುರಿಯರು ರಕ್ತಹೀನತೆಯಿಂದ ಬಿಳಿಚಿಕೊಂಡಿದ್ದರು, ಕೆಲವರು ಸಾಯುತ್ತಲೂ ಇದ್ದರು. ರಕ್ತ ನೋಡಿದರೆ ಕಣಗಳು ಇರಬೇಕಾದ್ದಕ್ಕಿಂತ ದೊಡ್ಡವು. ವಿಲ್ಸ್ ಆ ಬಸುರಿಯರ ಊಟದ ತಟ್ಟೆ ನೋಡಿದರು: ಹಣ್ಣು, ತರಕಾರಿ ಬಹಳ ಕಡಿಮೆ. ಅದೇ ಬಗೆಯ ಊಟವನ್ನು ಮಂಗಗಳಿಗೆ ಕೊಟ್ಟಾಗ ಅವಕ್ಕೂ ರಕ್ತಹೀನತೆ ಬಂತು. ಮಾರ್ಮೈಟ್ ಎಂಬ ಯೀಸ್ಟಿನ ಸಾರ ತಿನ್ನಿಸಿದಾಗ ಚೇತರಿಸಿಕೊಂಡವು, ಬಸುರಿಯರೂ ಚೇತರಿಸಿಕೊಂಡರು. 1931ರಲ್ಲಿ ಇದು ಪ್ರಕಟವಾಯಿತು. ಯೀಸ್ಟಿನಲ್ಲಿದ್ದ ಆ ವಸ್ತು ಯಾವುದೆಂದು ಆಗ ಗೊತ್ತಿರಲಿಲ್ಲ. ಹತ್ತು ವರ್ಷ ಕಳೆದು, 1941ರಲ್ಲಿ, ಪಾಲಕ್ ಸೊಪ್ಪಿನಿಂದ ತೆಗೆದ ವಸ್ತುವಿಗೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಫೋಲಿಯಂ ಎಂದರೆ ಎಲೆ. ಸೊಪ್ಪಿನಲ್ಲಿರುವಾಗ ಫೋಲೇಟ್, ಮಾತ್ರೆಯಲ್ಲಿರುವಾಗ ಫೋಲಿಕ್ ಆಮ್ಲ, ವಿಟಮಿನ್ ಒಂದೇ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ದಿನಕ್ಕೆ ಬೇಕಾದ ಫೋಲೇಟ್ ಹೆಂಗಸರಿಗೆ 220 ಮೈಕ್ರೋಗ್ರಾಂ, ಗಂಡಸರಿಗೆ 300, ಬಸುರಿಯರಿಗೆ 570. ನೂರು ಗ್ರಾಂ ಹಸಿ ಪಾಲಕಿನಲ್ಲಿ 140ರಿಂದ 190 ಇದೆ. ನೂರು ಗ್ರಾಂ ಬೆಂಡೆಯಲ್ಲಿ 60, ಒಂದು ಕಿತ್ತಳೆಯಲ್ಲಿ 40ರ ಆಸುಪಾಸು. ನೂರು ಗ್ರಾಂ ಒಣ ಅಲಸಂದೆಯಲ್ಲಿ 200ಕ್ಕೂ ಮೇಲೆ. ನೂರು ಗ್ರಾಂ ಸೊಪ್ಪು, 40 ಗ್ರಾಂ ಅಲಸಂದೆ, ನೂರು ಗ್ರಾಂ ಬೆಂಡೆ, ಒಂದು ಕಿತ್ತಳೆ ಸೇರಿದರೆ 320. ಒಲೆಗೆ ಮೂರನೇ ಒಂದು ಪಾಲು ಕೊಟ್ಟರೂ ಹೆಂಗಸರ ಲೆಕ್ಕ ಹೆಚ್ಚುಕಡಿಮೆ ಸರಿಯಾಗುತ್ತದೆ. ನೀರು ಚೆಲ್ಲಿದರೆ ಆಗುವುದಿಲ್ಲ. ಮಟ್ಟುಗುಳ್ಳ ಬದನೆ ನಮ್ಮ ಹೆಮ್ಮೆ, ಖಂಡಿತ ತಿನ್ನಿ, ಆದರೆ ಫೋಲೇಟಿಗೆ ಅದನ್ನು ನೆಚ್ಚಬೇಡಿ.

ಹಾಗಾದರೆ ಮಾಡುವುದು ಹೇಗೆ? ಸೊಪ್ಪನ್ನು ಇಡಿಯಾಗಿ ತೊಳೆಯಿರಿ, ಆಮೇಲೆ ಹೆಚ್ಚಿ. ಹೆಚ್ಚಿ ನೀರಲ್ಲಿ ನೆನೆಹಾಕಿದರೆ ಕತ್ತರಿಸಿದ ಅಂಚುಗಳಿಂದಲೇ ಸೋರುತ್ತದೆ. ಹರಿವೆ ಪಲ್ಯಕ್ಕೆ ತೊಳೆದಾಗ ಅಂಟಿದ ನೀರೇ ಸಾಕು, ಮುಚ್ಚಳ ಮುಚ್ಚಿ ನಾಲ್ಕೈದು ನಿಮಿಷ. ಬಸಳೆಯಾದರೆ ದಂಟು ಮೊದಲು, ಎಲೆ ಕೊನೆಗೆ, ಬೆಂದ ನೀರಿಗೇ ಮಸಾಲೆ. ಕುಡು, ಅಂದರೆ ಹುರುಳಿ, ಸಾರು ಮಾಡುವಾಗ ನಾವು ಕಾಳು ಬೆಂದ ನೀರನ್ನೇ ಬಟ್ಟಲಿಗೆ ಹಾಕಿಕೊಳ್ಳುತ್ತೇವಲ್ಲ? ಹುರುಳಿಗೆ ಇರುವ ಆ ಬುದ್ಧಿ ಹರಿವೆಗೆ ಯಾಕಿಲ್ಲ! ಬೆಳಿಗ್ಗೆಯ ಸಾಂಬಾರನ್ನು ರಾತ್ರಿಯವರೆಗೆ ಮೂರು ಸಲ ಕುದಿಸಬೇಡಿ, ಬಿಸಿಗೆ ಫೋಲೇಟ್ ಪ್ರತಿ ಸಲವೂ ಅಷ್ಟಷ್ಟು ನಾಶವಾಗುತ್ತದೆ. ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡಿ. ಹೆಸರು ಮೊಳಕೆ ಬಂದಾಗ ಫೋಲೇಟ್ ಹೆಚ್ಚುತ್ತದೆ, ಆದರೆ ಬಸುರಿಯರು ಹಸಿ ಮೊಳಕೆ ತಿನ್ನಬಾರದು, ರೋಗಾಣುಗಳ ಭಯವಿದೆ, ಬೇಯಿಸಿಯೇ ತಿನ್ನಬೇಕು.

ಸಮಯವಾಯಿತೆಂದು ಚೀಟಿ ಬಂದಿದೆ. ಹಣ್ಣಿನ ಬಗ್ಗೆ ಇನ್ನೂ ಹೇಳುವುದಿತ್ತು. ಪೇರಳೆ ಒಳ್ಳೆಯದು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಶುದ್ಧ ಸಸ್ಯಾಹಾರಿಗಳು ಬಿ12 ಎಂಬ ಇನ್ನೊಂದು ವಿಟಮಿನ್ ಎಷ್ಟಿದೆಯೆಂದು ಕೂಡ ಪರೀಕ್ಷೆ ಮಾಡಿಸಿಕೊಳ್ಳಿ. ಅದರ ಕೊರತೆಯಿರುವಾಗ ಬರೀ ಫೋಲಿಕ್ ಮಾತ್ರೆ ನುಂಗಿದರೆ ರಕ್ತ ಸರಿಹೋದಂತೆ ಕಾಣುತ್ತದೆ, ಒಳಗೆ ನರಗಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ.

ಇನ್ನೊಂದನ್ನು ಮಾತ್ರ ಹೇಳದೆ ಇಳಿಯಲಾರೆ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ, ಅದು ಸರಿಯಾಗಿ ಮುಚ್ಚಲು ಫೋಲೇಟ್ ಬೇಕು. ಎಷ್ಟೋ ತಾಯಂದಿರಿಗೆ ಆಗ ಬಸುರಿಯೆಂದೇ ತಿಳಿದಿರುವುದಿಲ್ಲ. ಇಲ್ಲಿ ಬರೀ ಸೊಪ್ಪನ್ನು ನಂಬಿ ಕೂರಬೇಡಿ. ಮಗು ಬೇಕೆಂದು ಯೋಚಿಸಿದ ದಿನದಿಂದಲೇ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ, ಹನ್ನೆರಡು ವಾರ ತುಂಬುವವರೆಗೆ. ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಆಗಿದ್ದರೆ ಇದರ ಹತ್ತು ಪಟ್ಟು ಬೇಕಾಗುತ್ತದೆ, ಅದನ್ನು ಡಾಕ್ಟರೇ ಬರೆದುಕೊಡಬೇಕು. ಮದುವೆ ನಿಶ್ಚಯವಾದ ಮಗಳು, ಸೊಸೆ ಮನೆಯಲ್ಲಿದ್ದರೆ ಈ ವಾರವೇ ಮಾತಾಡಿ. ನಮಸ್ಕಾರ.