ಬಿಡಿಸು ಅನ್ನಲಿಲ್ಲ, ಧೈರ್ಯ ಕೊಡು ಅಂದರು

ಸಭೆಯ ಹಿರಿಯರಿಗೆ, ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ವಂದನೆ.

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 4ನೇ ಅಧ್ಯಾಯ ನಿಮಗೆಲ್ಲ ಗೊತ್ತು. ಯೆರೂಸಲೇಮಿನ ಅಧಿಕಾರಿಗಳು ಯೇಸುವಿನ ಶಿಷ್ಯರಾದ ಪೇತ್ರ, ಯೋಹಾನರನ್ನು ಹಿಡಿದು, ಯೇಸುವಿನ ಹೆಸರೆತ್ತಬೇಡಿ ಅಂತ ಗದರಿಸಿ ಬಿಟ್ಟರು. ಇಬ್ಬರೂ ನೇರ ತಮ್ಮವರ ಹತ್ತಿರ ಬಂದರು. ಎಲ್ಲರೂ ಸೇರಿ ಪ್ರಾರ್ಥಿಸಿದರು. ಏನು ಕೇಳಿದರು? ನಮ್ಮನ್ನು ಕಾಪಾಡು ಅಂತಲ್ಲ. ಆ ಅಧಿಕಾರಿಗಳನ್ನು ನಾಶಮಾಡು ಅಂತಲೂ ಅಲ್ಲ. ಅವರ ಬೆದರಿಕೆಯನ್ನು ನೋಡು, ನಿನ್ನ ವಾಕ್ಯ ಹೇಳೋದಕ್ಕೆ ನಮಗೆ ಧೈರ್ಯ ಕೊಡು ಅಂದರು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೊಂದೇ.

ಹಾಗಾದರೆ 12ನೇ ಅಧ್ಯಾಯ? ಅಲ್ಲಿ ಪೇತ್ರ ಸೆರೆಮನೆಯಿಂದ ಬಿಡುಗಡೆಯಾದನಲ್ಲ ಅನ್ನುತ್ತೀರಿ. ಹೌದು. ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಪ್ರಾರ್ಥನೆ ನಡೆದಿದೆ, ಪೇತ್ರ ಬಂದು ಬಾಗಿಲು ತಟ್ಟುತ್ತಾನೆ. ರೋದೆ ಅನ್ನೋ ಹುಡುಗಿ ಅವನ ಧ್ವನಿ ಗುರುತಿಸಿದಳು. ಖುಷಿಯಲ್ಲಿ ಬಾಗಿಲು ತೆಗೆಯೋದನ್ನೇ ಬಿಟ್ಟು ಒಳಗೆ ಓಡಿದಳು! ಪ್ರಾರ್ಥಿಸುತ್ತಿದ್ದವರು ನಿನಗೆ ಹುಚ್ಚು ಅಂದರು. ಪಾಪ, ಪೇತ್ರ ಹೊರಗೆ ತಟ್ಟುತ್ತಲೇ ಇದ್ದ. ನನಗೆ ಈ ಹುಡುಗಿ ಕಂಡರೆ ಬಹಳ ಪ್ರೀತಿ. ಆದರೆ ಅದೇ ಅಧ್ಯಾಯದ ಶುರುವಿನಲ್ಲಿ ಏನಿದೆ ನೋಡಿ. ಅರಸ ಹೆರೋದ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಅವನಿಗಾಗಿಯೂ ಈ ಜನ ಪ್ರಾರ್ಥಿಸಿರಬೇಕು, ಅಲ್ವಾ? ಅವನು ಬಂದು ಬಾಗಿಲು ತಟ್ಟಲಿಲ್ಲ. ಆದರೂ ಇವರು ಪ್ರಾರ್ಥನೆ ಬಿಡಲಿಲ್ಲ.

ಈಗ ಸ್ಮುರ್ನಕ್ಕೆ, ಅಂದರೆ ಇವತ್ತಿನ ಟರ್ಕಿಯ ಇಜ್ಮಿರ್ ಊರಿಗೆ ಬನ್ನಿ. ಹೆಚ್ಚು ಕಡಿಮೆ ಕ್ರಿ.ಶ. 155. ಅಲ್ಲಿನ ಬಿಷಪ್ ಪೊಲಿಕಾರ್ಪ ಮುದುಕ. ಕ್ರೈಸ್ತನೆಂದು ಅವನನ್ನು ಹಿಡಿಯಲು ಹುಡುಕುತ್ತಿದ್ದರು, ತನ್ನವರ ಒತ್ತಾಯಕ್ಕೆ ಊರ ಹೊರಗಿನ ತೋಟದ ಮನೆಗೆ ಹೋಗಿದ್ದ. ಹುಡುಕುತ್ತಿದ್ದವರು ಮನೆಯ ಆಳು ಹುಡುಗನೊಬ್ಬನನ್ನು ಹಿಂಸಿಸಿ ಬಾಯಿ ಬಿಡಿಸಿದರು. ಶುಕ್ರವಾರ ಸಂಜೆ, ರಾತ್ರಿಯೂಟದ ಹೊತ್ತು. ಕಳ್ಳನನ್ನು ಹಿಡಿಯೋ ಹಾಗೆ ಆಯುಧ ಹಿಡಿದು, ಕುದುರೆ ಏರಿ ಬಂದರು. ಪೊಲಿಕಾರ್ಪ ಮಹಡಿ ಮೇಲಿದ್ದ. ಓಡಿಹೋಗಬಹುದಿತ್ತು, ಹೋಗಲಿಲ್ಲ. ಕೆಳಗಿಳಿದು ಬಂದು ಅವರ ಜೊತೆ ಮಾತಾಡಿದ. ಆಮೇಲೆ ಮನೆಯವರಿಗೆ ಏನು ಹೇಳಿದ ಗೊತ್ತಾ? ಇವರಿಗೆ ಬೇಕಾದಷ್ಟು ಊಟ ಬಡಿಸಿ ಅಂದ! ಬೇಡಿ ಹಾಕೋಕೆ ಬಂದವರಿಗೆ ಊಟ. ತನಗೆ ಕೇಳಿದ್ದು ಒಂದೇ, ಪ್ರಾರ್ಥಿಸಲು ಒಂದು ಗಂಟೆ. ಅವರು ಒಪ್ಪಿದರು. ನಿಂತುಕೊಂಡೇ ಶುರುಮಾಡಿದ, ಎರಡು ಗಂಟೆ ನಿಲ್ಲಿಸಲಿಲ್ಲ. ಜೀವನದಲ್ಲಿ ಕಂಡವರನ್ನೆಲ್ಲ, ದೊಡ್ಡವರು ಚಿಕ್ಕವರು ಅನ್ನದೆ, ನೆನೆದು ನೆನೆದು ಪ್ರಾರ್ಥಿಸಿದ. ಇಂಥ ಮುದುಕನನ್ನು ಹಿಡಿಯೋಕೆ ಯಾಕಾದರೂ ಬಂದೆವೋ ಅಂತ ಬಂದವರಲ್ಲೇ ಎಷ್ಟೋ ಜನ ಮರುಗಿದರು. ಇದನ್ನು ಸ್ಮುರ್ನದ ಸಭೆಯವರೇ ಪತ್ರದಲ್ಲಿ ಬರೆದಿದ್ದಾರೆ.

ಮುಂದಿನದು ನಿಮಗೆ ಗೊತ್ತೇ ಇದೆ. ಅವನನ್ನು ಅಖಾಡಕ್ಕೆ ಒಯ್ದರು. ಕ್ರಿಸ್ತನನ್ನು ಬೈಯಿ, ಬಿಡುತ್ತೇನೆ ಅಂದ ರೋಮನ್ ಅಧಿಕಾರಿ. 86 ವರ್ಷ ಆತನ ಸೇವೆ ಮಾಡಿದ್ದೇನೆ, ನನಗೆ ಆತ ಏನೂ ಕೆಟ್ಟದ್ದು ಮಾಡಿಲ್ಲ ಅಂದ ಪೊಲಿಕಾರ್ಪ. ಅವನನ್ನು ಕೊಂದರು. ಎಲ್ಲರೂ ಈ ಮಾತನ್ನೇ ಹೇಳುತ್ತಾರೆ. ನಾನು ಮಾತ್ರ ಆ ಎರಡು ಗಂಟೆಯ ಬಗ್ಗೆ ಹೇಳುತ್ತೇನೆ. ಆ ಧೈರ್ಯ ಅಖಾಡದಲ್ಲಿ ದಿಢೀರಂತ ಹುಟ್ಟಿದ್ದಲ್ಲ. ತೋಟದ ಮನೆಯಲ್ಲೂ ಆತ ಹಗಲೂ ರಾತ್ರಿ ಪ್ರಾರ್ಥನೆಯನ್ನೇ ಮಾಡುತ್ತಿದ್ದ.

ಸಮಯ ಆಗ್ತಾ ಬಂತು, ಪಾಸ್ಟರ್ ಗಡಿಯಾರ ನೋಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಸುಮಾರು 197ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಬರೆಯುತ್ತಾನೆ: ನಾವು ಚಕ್ರವರ್ತಿಗಳಿಗಾಗಿ, ಅವರ ಆಯುಸ್ಸಿಗಾಗಿ ಪ್ರಾರ್ಥಿಸುತ್ತೇವೆ. 250ರಲ್ಲಿ ರೋಮಿನ ಚಕ್ರವರ್ತಿ ದೇಕಿಯಸ್ ಎಲ್ಲರೂ ರೋಮಿನ ದೇವರುಗಳಿಗೆ ಬಲಿ ಕೊಟ್ಟು ಸರ್ಟಿಫಿಕೇಟ್ ತಗೊಳ್ಳಬೇಕು ಅಂದ. ಬಹಳ ಜನ ಕ್ರೈಸ್ತರು ಕೊಟ್ಟರು, ಅದನ್ನು ನಾವು ಮುಚ್ಚಿಡಬಾರದು. ಅವರನ್ನು ಮತ್ತೆ ಸೇರಿಸಿಕೊಳ್ಳೋದು ಹೇಗೆ ಅಂತ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಕಷ್ಟಪಟ್ಟಿದ್ದು ಇನ್ನೊಂದು ಉಪನ್ಯಾಸದ ವಿಷಯ.

ಕೊನೆಯದು. 303ರಲ್ಲಿ ಕ್ರೈಸ್ತರ ಮೇಲೆ ಶುರುವಾದ ದೊಡ್ಡ ಹಿಂಸೆಗೆ ಮುಂದೆ ನಿಂತಿದ್ದವನು ರೋಮಿನ ಚಕ್ರವರ್ತಿ ಗಲೇರಿಯಸ್. 311ರಲ್ಲಿ ಹಾಸಿಗೆ ಹಿಡಿದ. ಆಗ ಕ್ರೈಸ್ತರಿಗೆ ಮತ್ತೆ ಕೂಡಿಬರಲು ಅನುಮತಿ ಕೊಟ್ಟ. ಆ ಶಾಸನದಲ್ಲೇ ಬರೆಸಿದ: ನಿಮ್ಮ ದೇವರ ಹತ್ತಿರ ನನ್ನ ಕ್ಷೇಮಕ್ಕಾಗಿ, ರಾಜ್ಯದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಕೆಲವೇ ದಿನಗಳಲ್ಲಿ ತೀರಿಕೊಂಡ. ಕ್ರೈಸ್ತರು ಅಷ್ಟು ವರ್ಷಗಳಿಂದ ಚಕ್ರವರ್ತಿಗಳಿಗಾಗಿ ಪ್ರಾರ್ಥಿಸುತ್ತಲೇ ಇದ್ದರು, ಅವನು ಕೇಳುವ ಮೊದಲೇ.

ಪ್ರಶ್ನೆಗಳಿದ್ದರೆ ಊಟದ ಹೊತ್ತಿನಲ್ಲಿ ಮಾತಾಡೋಣ.