ಪಂಚಾಯಿತಿ ದುಡ್ಡೆಲ್ಲ ಖರ್ಚಾಯ್ತು, ನೀರು ಬಂತಾ?

[ದೃಶ್ಯ: ಪಂಚಾಯಿತಿ ಕಚೇರಿ, ಗೋಡೆಯಲ್ಲಿ ಮಾರ್ಚ್ ಕ್ಯಾಲೆಂಡರ್]

ನಮಸ್ಕಾರ. ಮಾರ್ಚ್ ಕೊನೇ ವಾರ ಯಾವುದಾದ್ರೂ ಗ್ರಾಮ ಪಂಚಾಯಿತಿಗೆ ಹೋಗಿ ನೋಡಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದ್ರೆ ಪಿಡಿಒಗೆ ಊಟಕ್ಕೂ ಪುರುಸೊತ್ತಿರಲ್ಲ. ಮೇಲಿಂದ ಬರೋ ಪ್ರಶ್ನೆ ಒಂದೇ: "ಎಷ್ಟು ಪರ್ಸೆಂಟ್ ಖರ್ಚಾಯ್ತು?" ನೂರಕ್ಕೆ ನೂರು ಅಂದ್ರೆ ಶಹಬ್ಬಾಸ್. ಜೇಬು ಖಾಲಿ ಮಾಡ್ಕೊಂಡು ಬಂದ ಮಗನ್ನ ಯಾವ ಅಮ್ಮನೂ ಹಾಗೆ ಹೊಗಳಲ್ಲ, ಚೀಲದಲ್ಲಿ ಏನಿದೆ ಅಂತ ನೋಡ್ತಾಳೆ.

15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಹಳ್ಳಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲು. ದುಡ್ಡು ನೀರಿನ ಹೆಸರಲ್ಲೇ ಹೋಗುತ್ತೆ ಅನ್ನೋದಕ್ಕೆ ಅದು ಖಾತ್ರಿ. ನಲ್ಲೀಲಿ ನೀರು ಬರುತ್ತೆ ಅನ್ನೋದಕ್ಕಲ್ಲ.

[ತೆರೆಯ ಮೇಲೆ: ಕಪ್ಪು ಹಲಗೆ, ಲೆಕ್ಕ]

ಒಂದು ಊರು ಅಂದ್ಕೊಳ್ಳಿ, 2,000 ಜನ. ಮನೆಮನೆಗೂ ನಲ್ಲಿ ನೀರು ಕೊಡೋ ಜಲಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. ವರ್ಷಕ್ಕೆ ಸುಮಾರು 4 ಕೋಟಿ ಲೀಟರ್ ಆಯ್ತು. ಕರೆಂಟು, ನೀರುಗಂಟಿ ಸಂಬಳ, ಮೋಟರ್ ರಿಪೇರಿ ಎಲ್ಲ ಸೇರಿ 6 ಲಕ್ಷ ಖರ್ಚಾದ್ರೆ ಸಾವಿರ ಲೀಟರಿಗೆ 15 ರೂಪಾಯಿ ಬಿತ್ತು. ಪಕ್ಕದೂರಲ್ಲೂ ಅಷ್ಟೇ ಜನ, ಅದೇ 6 ಲಕ್ಷ. ಆದ್ರೆ ನೀರು ದಿನ ಬಿಟ್ಟು ದಿನ. ಅಲ್ಲಿ 30 ರೂಪಾಯಿ. ಖರ್ಚಿನ ಪಟ್ಟೀಲಿ ಮಾತ್ರ ಎರಡೂ ಊರು ನೂರಕ್ಕೆ ನೂರು!

ಹಾಗಂತ ಪಕ್ಕದೂರಿನ ಪಿಡಿಒನ ಈಗಲೇ ಬೈಯೋಕೆ ಹೋಗ್ಬೇಡಿ. ಮೊದಲನೇ ಊರಿನ ಬೋರ್‌ವೆಲ್ 200 ಅಡಿ, ಪಕ್ಕದೂರಿಂದು 900 ಅಡಿ ಇದ್ರೆ? ಅಷ್ಟು ಆಳದಿಂದ ನೀರೆತ್ತೋಕೆ ಕರೆಂಟೂ ಜಾಸ್ತಿ, ಮೋಟರ್ ಸುಡೋದೂ ಜಾಸ್ತಿ. ಕೋಲಾರದ ಊರನ್ನ ಕೋಲಾರದಂಥ ಊರಿನ ಜೊತೆಗೇ ತೂಗ್ಬೇಕು, ಹೊಳೆ ದಂಡೆ ಊರಿನ ಜೊತೆ ಅಲ್ಲ. ಅಂಥ ಊರುಗಳಲ್ಲೇ ಅತಿ ಕಡಿಮೆ ಖರ್ಚಲ್ಲಿ ಸರಿಯಾಗಿ ನೀರು ಕೊಟ್ಟಿದ್ದು ಯಾವುದು, ಅದಕ್ಕಿಂತ ನಾವೆಷ್ಟು ಹಿಂದಿದ್ದೀವಿ? ದಕ್ಷತೆ ಅಂದ್ರೆ ಆ ಅಂತರ.

ಇನ್ನೊಂದು ಕಿತಾಪತಿ ಇದೆ. ಕರೆಂಟ್ ಬಿಲ್ ಕಟ್ಟದೆ ಬಾಕಿ ಇಟ್ಟ ಊರು ಈ ಲೆಕ್ಕದಲ್ಲಿ ಭಾರೀ ಅಗ್ಗವಾಗಿ ಕಾಣುತ್ತೆ. ಬಾಕೀನೂ ಖರ್ಚಿಗೆ ಸೇರಿಸಿ.

ಸರಿ, ಇಷ್ಟೊತ್ತು ಲೀಟರ್ ಲೀಟರ್ ಅಂದೆ. ಅಳೆದೋರ್ಯಾರು? ಕಾಮಗಾರಿ ಅಳತೆ ಬರೆದಿಡೋ ಎಂ.ಬಿ. ಪುಸ್ತಕದಲ್ಲಿ ಜೂನಿಯರ್ ಎಂಜಿನಿಯರ್ ಬರೆಯೋದು ಪೈಪಿನ ಉದ್ದ, ಗುಂಡಿಯ ಆಳ. ಆ ಪೈಪಲ್ಲಿ ಆಮೇಲೆ ಎಷ್ಟು ನೀರು ಹರಿಯಿತು ಅನ್ನೋದಕ್ಕೆ ಅಲ್ಲಿ ಕಾಲಮ್ಮೇ ಇಲ್ಲ.

[ದೃಶ್ಯ: ಓವರ್‌ಹೆಡ್ ಟ್ಯಾಂಕ್, ಕೆಳಗೆ ಪೈಪು]

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಿಮ್ಮ ಪಂಚಾಯಿತೀಲಿ ಜಮಾಬಂದಿ ನಡೀಬೇಕು. ಕಾಮಗಾರಿ, ಕಡತ ಎಲ್ಲ ಜನರೆದುರು ಬಿಚ್ಚಿಡೋ ದಿನ ಅದು. ಹೋಗಿ. "ಎಷ್ಟು ಖರ್ಚಾಯ್ತು" ಅಂತ ಕೇಳೋದು ಆಮೇಲಿರಲಿ, ಮೊದಲು "ಟ್ಯಾಂಕಿಗೆ ಮೀಟರ್ ಹಾಕಿದ್ದೀರಾ ಸ್ವಾಮಿ?" ಅಂತ ಕೇಳಿ.