ಬಾಲ್ಕನಿಯ ಗೊಬ್ಬರ, ಕೆಳಮನೆಗೆ ಹೋದ ಹುಳ

ನಮಸ್ಕಾರ. ಹಿಂದೆ ಕೂಗುತ್ತಿರುವುದು ಕುಕ್ಕರ್. ಇನ್ನೆರಡು ಕೂಗು ಬಾಕಿ ಇದೆ, ಸಹಿಸಿಕೊಳ್ಳಿ.

ಇವೇ ನನ್ನ ಮೂರು ಮಡಕೆಗಳು. ಮೇಲಿನದರಲ್ಲಿ ಈ ವಾರದ ಹಸಿ ಕಸ, ತಳದ್ದರಲ್ಲಿ ಮಾಗುತ್ತಿರುವ ಗೊಬ್ಬರ. ಒಂದು ಹಿಡಿ ಸಿಪ್ಪೆ, ಅದರ ಮೇಲೆ ಒಂದು ಹಿಡಿ ತರಗೆಲೆ. ಉಳಿದದ್ದನ್ನು ನೀವೇ ನೋಡುತ್ತಿದ್ದೀರಿ.

ತರಗೆಲೆ ಮುಗಿದದ್ದೇ ಎಡವಟ್ಟಾಯಿತು. ಅದರ ಬದಲು ಹಾಕೋಣವೆಂದರೆ, ಅಂಗಡಿಯಲ್ಲಿ ಐದು ಕಿಲೋ ತೆಂಗಿನ ನಾರಿನ ಪುಡಿಯ ಇಟ್ಟಿಗೆಗೆ 280 ರೂಪಾಯಿ ಎಂದರು. ನಾನು ತಿಪಟೂರಿನವಳು. ನಮ್ಮ ಕಡೆ ನಾರು ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುತ್ತದೆ, ಅದಕ್ಕೆ ದುಡ್ಡು ಕೊಡುವುದೇ? ಬರಿಗೈಯಲ್ಲಿ ಬಂದೆ. ಅದೇ ವಾರ ಮನೆಗೆ ದೊಡ್ಡ ಕಲ್ಲಂಗಡಿ ಬಂತು, ಸಿಪ್ಪೆಯೆಲ್ಲ ಮಡಕೆಗೆ ಹೋಯಿತು. ಒಳಗೆ ನೀರು ನಿಂತು, ಗಾಳಿಯಾಡದೆ, ಹುಳಿ ವಾಸನೆ ಶುರುವಾಯಿತು.

ಮರುದಿನ ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಅಜ್ಜಿ. ಕೈಯಲ್ಲಿ ಡಬ್ಬಿಯ ಮುಚ್ಚಳ, ಅದರಲ್ಲಿ ಹುಳಗಳು. "ರಂಗೋಲಿ ಇಡಲು ಹೋದರೆ ಹೊಸ್ತಿಲ ತುಂಬ ಇವೇ. ನಿಮ್ಮವೇ ಇರಬೇಕು, ಎಣಿಸಿಕೊಳ್ಳಮ್ಮ" ಎಂದರು. ನಾನು ನಿಜವಾಗಿಯೂ ಎಣಿಸಿದೆ. ಹದಿನೇಳು!

ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. ಹುಣಸೆ ಬೀಜದ ಬಣ್ಣ, ಚಪ್ಪಟೆ ಮೈ, ಮುಕ್ಕಾಲು ಅಂಗುಲ ಉದ್ದ. ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿ. ಕಚ್ಚುವುದಿಲ್ಲ, ಕಸವನ್ನು ನಮಗಿಂತ ಬೇಗ ಮುಗಿಸುತ್ತದೆ. ಹೊಟ್ಟೆ ತುಂಬಿ ಬಲಿತ ಮೇಲೆ ಕೋಶವಾಗಲು ಒಣ ಜಾಗ ಹುಡುಕಿ ಹೊರಡುತ್ತದೆ. ಇವಕ್ಕೆ ಒಣ ಜಾಗವಾಗಿ ಸಿಕ್ಕಿದ್ದು ಅಜ್ಜಿಯ ಹೊಸ್ತಿಲು. ಇದನ್ನೆಲ್ಲ ಅವರಿಗೂ ವಿವರಿಸಿದೆ. "ಒಳ್ಳೆಯ ಹುಳವಾದರೆ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ" ಎಂದು ಮುಚ್ಚಳ ಕೊಡವಿಕೊಂಡು ಇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ.

ಸಂಜೆ ಹೋಗಿ ಆ ಇಟ್ಟಿಗೆಯನ್ನೇ ತಂದೆ. 280 ಕೊಟ್ಟೇ ತಂದೆ. ಈಗ ಹೇಳುತ್ತಿದ್ದೇನೆ, ದುಬಾರಿಯಲ್ಲ.

ಇಷ್ಟೆಲ್ಲ ತಾಪತ್ರಯ ಏಕೆ, ಕಸದ ಆಟೋಗೆ ಕೊಟ್ಟರಾಯಿತಲ್ಲ ಎಂದು ನನ್ನ ತಮ್ಮ ಕೇಳುತ್ತಾನೆ. ಆಟೋ ಹೋಗುವುದು ಎಲ್ಲಿಗಪ್ಪ? ಬೆಂಗಳೂರಿನ ಕಸ ವರ್ಷಗಟ್ಟಲೆ ನಗರದಾಚೆಯ ಮಂಡೂರು ಎಂಬ ಹಳ್ಳಿಯವರ ಬಾಗಿಲಿಗೆ ಹೋಯಿತು. ಬಾವಿ ನೀರು ಕೆಟ್ಟಿತು, ಊರಿನವರು ರಸ್ತೆಗಿಳಿದು ಲಾರಿ ತಡೆದರು, 2014ರ ಕೊನೆಗೆ ಅಲ್ಲಿಗೆ ಸಾಗಿಸುವುದು ನಿಂತಿತು. ಹಸಿ ಕಸ, ಒಣ ಕಸ ಬೇರೆ ಮಾಡಲೇಬೇಕು ಎಂದು ಹೈಕೋರ್ಟ್ ಹೇಳಿದ್ದು 2012ರಲ್ಲಿ. ನಮ್ಮ ಬೀದಿಯಲ್ಲಿ ಇವತ್ತಿಗೂ ಹಾಲಿನ ಪ್ಯಾಕೆಟ್ಟಿನೊಳಗೆ ಸಾರಿನ ಕರಿಬೇವು ತುಂಬಿ ಗಂಟು ಹಾಕಿ ಕೊಡುವವರಿದ್ದಾರೆ. ಅದನ್ನು ಬರಿಗೈಯಲ್ಲಿ ಬಿಚ್ಚುವ ಪೌರಕಾರ್ಮಿಕರ ಮುಖವನ್ನು ಒಮ್ಮೆ ಇವರು... ಅಯ್ಯೋ, ಜರಡಿ ಹಿಡಿಯುವ ದೃಶ್ಯ ಮುಗಿದೇ ಹೋಗುತ್ತಿದೆ.

ನೋಡಿ, ಕಾಫಿ ಪುಡಿಯ ಹಾಗೆ ಉದುರುತ್ತಿದೆ, ಮೊದಲ ಮಳೆಯ ಮಣ್ಣಿನ ವಾಸನೆ. ಮಾವಿನ ಓಟೆ ಮಾತ್ರ ಹಾಗೇ ಉಳಿದಿದೆ, ಅದು ಮತ್ತೆ ಮೇಲಿನ ಮಡಕೆಗೆ. ಇದೇನಿದು ಹೊಳೆಯುತ್ತಿರುವುದು? ಚಮಚ! ಎರಡು ತಿಂಗಳಿಂದ ಇದಕ್ಕಾಗಿ ನಮ್ಮ ಮನೆಯವರ ಊಟದ ಡಬ್ಬಿಯನ್ನು ದಿನಾ ತಪಾಸಣೆ ಮಾಡುತ್ತಿದ್ದೆ. ಈ ಭಾಗವನ್ನು ಅವರು ನೋಡುವ ಮೊದಲೇ ಕತ್ತರಿಸಬೇಕು.